ಮೌಸ್ ಹಿಡಿಯದವರ ಕೋರ್ಸು

ಬೆಂಗಳೂರಿನ ದೊಮ್ಮಲೂರಿನಿಂದ ಹಿಡಿದು ಕೆ.ಆರ್. ಪುರದಾಚೆಯ ವೈಟ್‌ಫೀಲ್ಡ್‌ವರೆಗೆ ಯಾವ ಕಂಪನಿಗೆ ಸೇರಿದರೂ ಮೊದಲ ವಾರ ಆನ್‌ಲೈನ್ ತರಬೇತಿ ತಪ್ಪಿದ್ದಲ್ಲ. ಮಾಹಿತಿ ಸುರಕ್ಷತೆ, ಲೈಂಗಿಕ ಕಿರುಕುಳ ತಡೆ, ಹೀಗೆ ಒಂದಾದ ಮೇಲೊಂದು. ‘ನೆಕ್ಸ್ಟ್’ ಒತ್ತುತ್ತಾ ಹೋದರೆ ಆಯಿತು ಎನ್ನುವವರೇ ಹೆಚ್ಚು. ಆ ‘ನೆಕ್ಸ್ಟ್’ ಎಲ್ಲಿದೆ ಎಂದು ಕಾಣದವರ ಪಾಡು ಬೇರೆ. ಕೋರ್ಸು ಕಟ್ಟುವ ಆಥರಿಂಗ್ ಟೂಲ್‌ಗಳು ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ವರ್ಷಗಳೇ ಬೇಕಾದವು. ತೆಗೆದುಕೊಂಡದ್ದೂ ಮುಖ್ಯವಾಗಿ ಅಮೆರಿಕದ ಕಾನೂನಿಗೆ ಅಂಜಿ.

1980ರ ದಶಕದ ಕೊನೆಗೆ ಬಂದ ಆಥರ್‌ವೇರ್ ಎಂಬ ಟೂಲು, ಪ್ರೋಗ್ರಾಮಿಂಗ್ ಬಾರದವರೂ ಪಾಠ ಕಟ್ಟಬಹುದೆಂದು ತೋರಿಸಿತು. ನಂತರ ಬ್ರೌಸರಿನಲ್ಲಿ ಅನಿಮೇಷನ್ ಓಡಿಸುವ ಫ್ಲ್ಯಾಶ್ ಕಾಲ. ರೋಬೋಡೆಮೊ ಎಂಬ ಟೂಲು 2003ರಲ್ಲಿ ಮ್ಯಾಕ್ರೋಮೀಡಿಯಾದ ಕೈಸೇರಿ, ಮರುವರ್ಷ ಕ್ಯಾಪ್ಟಿವೇಟ್ ಆಯಿತು; 2005ರಲ್ಲಿ ಅಡೋಬಿ ಆ ಕಂಪನಿಯನ್ನೇ ಕೊಂಡಿತು. ಈ ನಡುವೆ, 2001ರ ಜೂನ್‌ನಲ್ಲಿ, ಅಮೆರಿಕದ ‘ಸೆಕ್ಷನ್ 508’ ಮಾನದಂಡ ಜಾರಿಗೆ ಬಂದಿತ್ತು: ಅಲ್ಲಿನ ಕೇಂದ್ರ ಸರ್ಕಾರ ಕೊಳ್ಳುವ ತಂತ್ರಾಂಶವನ್ನು ಅಂಗವಿಕಲರೂ ಬಳಸುವಂತಿರಬೇಕು. ಹೊರದೇಶದ ಗಿರಾಕಿಗಳಿಗೆ ಕೋರ್ಸು ಮಾಡಿಕೊಡುತ್ತಿದ್ದ ಬೆಂಗಳೂರಿನವರಿಗೂ ಆ ಸಂಖ್ಯೆ ಬಾಯಿಪಾಠವಾಯಿತು. ನನ್ನ ದೃಷ್ಟಿಯಲ್ಲಿ ಅದು ಟಿಕ್ ಗುರುತಿನ ಯುಗ. ಚೆಂದದ ಕೋರ್ಸು ಒಂದು ಕಡೆ, ಬರೀ ಅಕ್ಷರದ ಸಪ್ಪೆ ಪ್ರತಿ ಇನ್ನೊಂದು ಕಡೆ. ಬಿಲ್ ಪಾಸಾದರೆ ಮುಗಿಯಿತು.

ಕನ್ನಡದ ಕಥೆ ಇನ್ನೂ ಕಷ್ಟ. 2008ರಲ್ಲಿ ಫ್ಲ್ಯಾಶ್ ಪ್ಲೇಯರ್ 10 ಬರುವ ತನಕ ಅದರಲ್ಲಿ ನಮ್ಮ ಒತ್ತಕ್ಷರಗಳು ಸರಿಯಾಗಿ ಕೂಡುತ್ತಿರಲಿಲ್ಲ. ಪಠ್ಯವನ್ನೇ ಚಿತ್ರ ಮಾಡಿ ಅಂಟಿಸುವುದು ಸುಲಭದ ದಾರಿ. ಚಿತ್ರದೊಳಗಿನ ಅಕ್ಷರ, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಎಟುಕದು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಸ್ಕ್ರಿಪ್ಟ್ ಅಂಟಿಸಿದರೆ ಪರದೆಯ ಮೇಲೆ ಅಚ್ಚಗನ್ನಡ, ಕಿವಿಗೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಿಚಡಿ. ಯೂನಿಕೋಡ್ ಬಳಕೆಗೆ ಬಂದ ಮೇಲೆಯೇ ಇದಕ್ಕೆ ಪರಿಹಾರ.

ಹಾಗೆ ನೋಡಿದರೆ ಕಿವಿಯ ಕೆಲಸ ನಡೆದದ್ದು ಟೂಲ್ ಕಂಪನಿಗಳಲ್ಲಲ್ಲ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎ, ಅದಕ್ಕೆ ದನಿ ಕೊಡುವ ಇಸ್ಪೀಕ್. ಇವನ್ನು ಭಾರತೀಯ ಭಾಷೆಗಳಿಗೆ ಹದಗೊಳಿಸುವ ಕೆಲಸವನ್ನು ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಕೈಗೆತ್ತಿಕೊಂಡಿತು. ಇಸ್ಪೀಕ್‌ನ ಕನ್ನಡ ಯಂತ್ರದ ಗೊಗ್ಗರು ದನಿಯೇ ಸರಿ. ಆದರೆ ಅಭ್ಯಾಸವಾದವರು ನಮ್ಮ ಕಣ್ಣೋಟಕ್ಕಿಂತ ವೇಗವಾಗಿ ಓಡಿಸುತ್ತಾರೆ.

2012ರಲ್ಲಿ ಆರ್ಟಿಕ್ಯುಲೇಟ್ ಸ್ಟೋರಿಲೈನ್ ಎಂಬ ಆಥರಿಂಗ್ ಟೂಲು ಬಂತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಬೆಂಬಲ ನಿಂತಿತು. ಹಳೆಯ ಕೋರ್ಸುಗಳು ಸತ್ತದ್ದು ಒಳ್ಳೆಯದೇ ಆಯಿತು ಎನ್ನುತ್ತೇನೆ. ಬದಲಿಗೆ ಬಂದ ಎಚ್‌ಟಿಎಂಎಲ್ 5ರಲ್ಲಿ ಸ್ಕ್ರೀನ್ ರೀಡರ್‌ಗೆ ಹಿಡಿತ ಹೆಚ್ಚು. ಆದರೂ ಕೋರ್ಸು ಕಟ್ಟುವವರು ಗಮನಿಸದಿದ್ದರೆ ಏನಾಗುತ್ತದೆ ನೋಡಿ. ಟ್ಯಾಬ್ ಕೀಲಿ ಒತ್ತಿದೊಡನೆ ‘ರೆಕ್ಟ್ಯಾಂಗಲ್ 3’ ಎನ್ನುತ್ತದೆ ದನಿ. ಅದು ಅಲಂಕಾರಕ್ಕೆ ಹಾಕಿದ ಬಣ್ಣದ ಪಟ್ಟಿ. ಮತ್ತೆ ಒತ್ತಿದರೆ ಉತ್ತರ ಬರುತ್ತದೆ, ಪ್ರಶ್ನೆ ಆಮೇಲೆ. ಎಡದ ಪದವನ್ನು ಎಳೆದು ಬಲದ ಪೆಟ್ಟಿಗೆಗೆ ಹಾಕಿ ಎಂಬ ಚಟುವಟಿಕೆಯಲ್ಲಂತೂ ಕೀಬೋರ್ಡಿನವರು ಅಲ್ಲೇ ಸಿಕ್ಕಿಬೀಳುತ್ತಾರೆ. ಎಳೆಯುವ ಕೆಲಸಕ್ಕೆ ಎಳೆಯದೆ ಮಾಡುವ ದಾರಿಯೂ ಇರಲಿ ಎಂಬ ನಿಯಮ, ವೆಬ್ ಎಲ್ಲರಿಗೂ ಎಟುಕುವಂತೆ ಮಾಡುವ ಮಾರ್ಗಸೂಚಿ ಡಬ್ಲ್ಯುಸಿಎಜಿ 2.2ಕ್ಕೆ ಸೇರಿದ್ದು 2023ರ ಅಕ್ಟೋಬರ್‌ನಲ್ಲಿ. ಪುಟದ ಭಾಷೆ ಕನ್ನಡ ಎಂದು ನಮೂದಿಸುವುದು ಸಣ್ಣ ಕೆಲಸ, ಮರೆತರೆ ಇಂಗ್ಲಿಷ್ ದನಿ ಕನ್ನಡವನ್ನು ಓದಲು ಹೊರಟು ಎಡವುತ್ತದೆ.

ನಮ್ಮ ಕಾನೂನೂ ತಡವಾಗಿಯಾದರೂ ಬಂದಿದೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಡಿಜಿಟಲ್ ಪ್ರವೇಶ ಬದುಕುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು.

ಇಂದಿನ ಟೂಲ್‌ಗಳು ಚಿತ್ರಕ್ಕೆ ವಿವರಣೆ ಇದೆಯೋ ಇಲ್ಲವೋ ಹೇಳಬಲ್ಲವು, ಆ ವಿವರಣೆ ಅರ್ಥವಾಗುತ್ತದೆಯೇ ಎಂದಲ್ಲ. ಅದಕ್ಕೆ ಮನುಷ್ಯರೇ ಬೇಕು. ಜೀವನ್ ಬಿಮಾ ನಗರದಲ್ಲಿ ರಾಷ್ಟ್ರೀಯ ಅಂಧರ ಸಂಸ್ಥೆಯ ಕರ್ನಾಟಕ ಶಾಖೆ ಇದೆ, ಲಿಂಗರಾಜಪುರದಲ್ಲಿ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ ಇದೆ. ಇಂದಿರಾನಗರದಿಂದ ಎರಡಕ್ಕೂ ಆಟೋದಲ್ಲಿ ಹೋಗಿಬರುವಷ್ಟೇ ದೂರ. ಕೋರ್ಸಿನ ಅಂದಾಜು ಪಟ್ಟಿಯಲ್ಲಿ ದನಿ ಕೊಡುವವರಿಗೆ, ಚಿತ್ರ ಬರೆಯುವವರಿಗೆ ಸಂಭಾವನೆ ಕಾಣುವಂತೆ, ಕಟ್ಟಿ ಮುಗಿಸುವ ಮೊದಲೇ ಬಳಸಿ ನೋಡಿ ತಪ್ಪು ಹೇಳುವ ಅಂಧ ಪರೀಕ್ಷಕರ ಹೆಸರಿನಲ್ಲೂ ಒಂದು ಸಾಲು ಇರಬೇಕು.