ಚೇಳೂರು ಸೀಮೆಯ ಹಲಸು: ತಳಿ ಹುಡುಕುವವರ ಕ್ಷೇತ್ರಕಾರ್ಯದ ಬಗ್ಗೆ ಒಂದು ಟಿಪ್ಪಣಿ

ಗುಬ್ಬಿ ತಾಲ್ಲೂಕಿನ ಚೇಳೂರು ಸುತ್ತಮುತ್ತ ಹಲಸಿನ ಹಳೆಯ ಮರಗಳು ಸಾಲು ಹಿಡಿದು ನೆಟ್ಟವಲ್ಲ. ತೆಂಗಿನ ತೋಟದ ಬೇಲಿ, ರಾಗಿ ಹೊಲದ ಬದು, ಮನೆಯ ಹಿತ್ತಿಲು, ಹೀಗೆ ಬೀಜ ಬಿದ್ದಲ್ಲಿ ಎದ್ದವೇ ಹೆಚ್ಚು. ಹಲಸಿನಲ್ಲಿ ಗಂಡು ಹೂಗೊಂಚಲು, ಹೆಣ್ಣು ಹೂಗೊಂಚಲು ಒಂದೇ ಮರದಲ್ಲಿದ್ದರೂ ಬೇರೆಬೇರೆ. ಪರಾಗ ಬಹುಪಾಲು ಬೇರೆ ಮರದಿಂದ ಬರುತ್ತದೆ. ಹಾಗಾಗಿ ಬೀಜದ ಗಿಡ ತಾಯಿಮರವನ್ನು ಹೋಲುವ ಭರವಸೆಯಿಲ್ಲ. ತೊಳೆಯ ಬಣ್ಣ, ಗಾತ್ರ, ಸಿಹಿ, ಅಂಟು, ಹಣ್ಣಾಗುವ ಕಾಲ, ಎಲ್ಲವೂ ಮರದಿಂದ ಮರಕ್ಕೆ ಬದಲಾಗುತ್ತವೆ. ಇಲ್ಲಿ ತಳಿ ಹುಡುಕುವವರ ದಿನಚರಿಯನ್ನು ನಿರ್ಧರಿಸುವುದು ಈ ಸಂಗತಿಯೇ.

ಆಂಡೀಸ್ ಪರ್ವತದ ಹಳ್ಳಿಗಳಲ್ಲಿ ಆಲೂಗಡ್ಡೆ ತಳಿ ಸಂಗ್ರಹಿಸಿದ ಪೆರುವಿನ ವಿಜ್ಞಾನಿ ಕಾರ್ಲೋಸ್ ಒಚೋವಾ ಅವರ ಕೆಲಸದೊಂದಿಗೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿನ ರೈತರು ಗೆಡ್ಡೆಯನ್ನೇ ನೆಡುತ್ತಾರೆ. ಒಂದೇ ತಳಿ ಅಕ್ಕಪಕ್ಕದ ಹಲವು ಹೊಲಗಳಲ್ಲಿ ಇರಬಹುದು. ನಾಲ್ಕು ಗೆಡ್ಡೆ ತಂದು ಲಿಮಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದಲ್ಲಿ ಬೆಳೆಸಿದರೆ ತಳಿ ಉಳಿಯುತ್ತದೆ. ಚೇಳೂರಿನ ಬೀಜದ ಹಲಸಿನಲ್ಲಿ ತಳಿ ಎಂದರೆ ಒಂದೇ ಮರ. ಕಸಿ ಕಟ್ಟುವ ಮೊದಲೇ ಆ ಮರಕ್ಕೆ ಗರಗಸ ಬಿದ್ದರೆ ಅಲ್ಲಿಗೆ ಮುಗಿಯಿತು. 1948ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಮೈಸೂರು ಸೀಮೆಯ ರಾಂಪುರದಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟು ಒಂದೇ ಊರನ್ನು ಅರಿಯಲು ಹೊರಟರು. ಹಲಸಿನವರಿಗೆ ಅಂಥ ಬಿಡುವಿಲ್ಲ. ಹಣ್ಣಿನ ಸುಗ್ಗಿ ಮುಗಿಯುವುದರೊಳಗೆ ಹತ್ತಾರು ಊರು ಸುತ್ತಬೇಕು, ಮರುವರ್ಷ ಅದೇ ಮರಗಳ ಬುಡಕ್ಕೆ ಮತ್ತೆ ಬರಬೇಕು.

ಮರದ ಬಳಿಯ ಕೆಲಸ ಬೆಳಿಗ್ಗೆಯೇ ಶುರು. ಹಣ್ಣನ್ನು ತಟ್ಟಿ, ಮೂಸಿ ನೋಡಿದ ಮೇಲೆ ಮನೆಯವರೊಬ್ಬರು ಹತ್ತಿ ಹಗ್ಗ ಕಟ್ಟಿ ಇಳಿಸುತ್ತಾರೆ. ಬಿದ್ದ ಹಣ್ಣು ಒಳಗೆ ನಜ್ಜಾಗಿರುವುದರಿಂದ ಪರೀಕ್ಷೆಗೆ ಬಾರದು. ತೂಗಿ, ಉದ್ದ ಸುತ್ತಳತೆ ಬರೆದುಕೊಂಡು, ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿ ಸೀಳಬೇಕು. ಒಸರುವ ಅಂಟನ್ನು ಹಳೆಯ ಬಟ್ಟೆಯಲ್ಲಿ ಒರೆಸಿ ದಿಂಡು ತೆಗೆದು, ತೊಳೆ ಬಿಡಿಸಿ ಎಣಿಸಿ, ಬೀಜವನ್ನೂ ಬೇರೆ ತೂಗಬೇಕು. ತುದಿ, ನಡು, ತೊಟ್ಟಿನ ಕಡೆಯ ತೊಳೆಗಳ ರಸವನ್ನು ಒಂದೊಂದು ಹನಿ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಹಾಕಿ ಬೆಳಕಿಗೆ ಹಿಡಿದರೆ ಸಿಹಿಯ ಅಂಕಿ ಸಿಗುತ್ತದೆ. ಅದನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಮಧ್ಯಾಹ್ನದ ಹೊತ್ತಿಗೆ ಪುಸ್ತಕದ ಹಾಳೆಗಳೇ ಅಂಟಿಕೊಂಡಿರುತ್ತವೆ.

ಆದರೆ ಆ ಅಂಕಿ ಒಂದು ಹಣ್ಣಿನದು, ಒಂದು ದಿನದ್ದು. ಮರದ ಸ್ವಭಾವ ಗೊತ್ತಿರುವುದು ಅದರ ಹಣ್ಣು ತಿಂದ ಮನೆಗೆ. ಯಜಮಾನರನ್ನು ಕೇಳಿದರೆ ಸಾಮಾನ್ಯವಾಗಿ ಎಷ್ಟು ಕಾಯಿ ಬಿಡುತ್ತದೆ, ಎಷ್ಟಕ್ಕೆ ಹೋಯಿತು ಎಂಬುದು ಸಿಗುತ್ತದೆ. ಹಣ್ಣು ಬಿಡಿಸಿ ಹಂಚುವ ಅಜ್ಜಿಯನ್ನು ಕೇಳಿದರೆ ಸಿಗುವ ಮಾತೇ ಬೇರೆ: “ಮಳೆ ಬೀಳೋಕ್ ಮುಂಚೆ ತಿನ್ಬೇಕು ಸಾಮಿ, ಆಮೇಲೆ ಸಪ್ಪೆ.” ಈ ಒಂದು ಮಾತಿನಲ್ಲಿ ಹತ್ತಾರು ವರ್ಷದ ಅನುಭವವಿದೆ. ಮಳೆ ಹಿಡಿದ ಮೇಲೂ ರುಚಿ ಕೆಡದ ಮರ ಯಾವುದು, ಕಿತ್ತ ಹಣ್ಣು ಎಷ್ಟು ದಿನ ತಡೆಯುತ್ತದೆ, ಮಗಳ ಮನೆಗೆ ಕಳಿಸಲು ಯಾವ ಮರದ್ದನ್ನು ಆರಿಸುತ್ತಾರೆ ಎಂಬ ಪ್ರಶ್ನೆಗಳಿಗೆ ನಮ್ಮ ನಮೂನೆಗಳಲ್ಲಿ ಜಾಗವೇ ಇರುವುದಿಲ್ಲ. ಇರಬೇಕು. ತಳಿ ಆಯ್ಕೆಯ ಅರ್ಧ ಕೆಲಸವನ್ನು ಈ ಹೆಂಗಸರು ಎಂದೋ ಮುಗಿಸಿರುತ್ತಾರೆ.

ಚೇಳೂರಿನ ‘ಸಿದ್ದು’ ಹಲಸು ಇದಕ್ಕೆ ಒಳ್ಳೆಯ ಸಾಕ್ಷಿ. ರೈತ ಎಸ್.ಎಸ್. ಪರಮೇಶ ಅವರ ತಂದೆ ಸಿದ್ದಪ್ಪನವರ ಕಾಲದ ಮರ. ಮನೆಯವರು, ನೆಂಟರಿಷ್ಟರು ಸವಿಯುತ್ತಿದ್ದ ಹಣ್ಣು. ಸರಾಸರಿ ತೂಕ 2.44 ಕಿಲೋ, ತಾಮ್ರಗೆಂಪು ತೊಳೆ, ಸಿಹಿ 31 ಬ್ರಿಕ್ಸ್, 100 ಗ್ರಾಮಿಗೆ ಸುಮಾರು 2 ಮಿಲಿಗ್ರಾಂ ಲೈಕೋಪೀನ್ ಎಂದು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದರು. ಕಸಿ ಗಿಡ ಮಾಡಿ ಮಾರಲು ತುಮಕೂರು ಬಳಿಯ ಹಿರೇಹಳ್ಳಿಯಲ್ಲಿರುವ ಅದೇ ಸಂಸ್ಥೆಯ ಕೇಂದ್ರದೊಂದಿಗೆ 2017ರಲ್ಲಿ ಆದ ಒಪ್ಪಂದದಲ್ಲಿ ಆದಾಯದ ಶೇ. 75ರಷ್ಟು ಪಾಲು ರೈತನದು. ಮುಂದೆ ಇದೇ ತಾಲ್ಲೂಕಿನ ಚೌಡ್ಲಾಪುರದ ‘ಶಂಕರ’ ಹಲಸೂ ಬೆಳಕಿಗೆ ಬಂತು. ಎರಡರಲ್ಲೂ ತಳಿಗೆ ರೈತ ಕುಟುಂಬದ ಹೆಸರೇ ಉಳಿದಿರುವುದು ನನಗೆ ಬಹಳ ಸಂತೋಷದ ವಿಷಯ. ಲೈಕೋಪೀನ್ ಅಳೆಯಲು ಪ್ರಯೋಗಾಲಯ ಬೇಕು. ಮರವನ್ನು ಕಡಿಯದೆ ಅಷ್ಟು ವರ್ಷ ಉಳಿಸಿದವರು ಇಲ್ಲದಿದ್ದರೆ ಅಳೆಯಲು ಏನಿರುತ್ತಿತ್ತು?

ಕ್ಷೇತ್ರಕಾರ್ಯದಲ್ಲಿ ಎದುರಾಗುವ ದೊಡ್ಡ ತೊಡಕು ವ್ಯಾಪಾರದ್ದು. ಚೇಳೂರು ಹಲಸಿನ ದೊಡ್ಡ ಮಾರುಕಟ್ಟೆ, ಹಣ್ಣು ಹೊರರಾಜ್ಯಗಳಿಗೂ ಹೋಗುತ್ತದೆ. ವ್ಯಾಪಾರಿ ಇಡೀ ಮರವನ್ನೇ ಗುತ್ತಿಗೆ ಹಿಡಿದಿದ್ದರೆ ಬಲಿತ ಕಾಯಿಗಳೆಲ್ಲ ಒಮ್ಮೆಗೇ ಇಳಿದು ಲಾರಿ ಏರುತ್ತವೆ. ಆಮೇಲೆ ಹೋದವರಿಗೆ ಖಾಲಿ ಮರ. ಸುಗ್ಗಿಗೆ ಮೊದಲೇ ಮನೆಯವರ ಜೊತೆ ಮಾತಾಡಿ ನಾಲ್ಕಾರು ಕಾಯಿ ಮರದಲ್ಲಿ ಉಳಿಸಿಕೊಳ್ಳುವುದು, ಅದರ ಬೆಲೆ ಕೊಡುವುದು ಸರಿಯಾದ ಕ್ರಮ.

ಕಸಿಕಡ್ಡಿಯ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಕತ್ತರಿಸಿದ ಒಂದು ಕಡ್ಡಿಯಿಂದ ಇಡೀ ತಳಿ ಊರು ದಾಟುತ್ತದೆ. ರೈತ ತನ್ನ ತಳಿಯನ್ನು ನೋಂದಾಯಿಸಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಕೊಟ್ಟಿದೆ. ಅದನ್ನು ಮನೆಯವರಿಗೆ ಕನ್ನಡದಲ್ಲಿ ವಿವರಿಸಿ, ಲಿಖಿತ ಒಪ್ಪಿಗೆ ಪಡೆದು, ಅದರ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟ ಮೇಲೆಯೇ ಕೊಂಬೆಗೆ ಕತ್ತರಿ ಹಾಕಬೇಕು.