ಬೇಡವೆನ್ನಬೇಕಾದವರು

2016ರ ಅಕ್ಟೋಬರ್ ಮೊದಲ ವಾರದಲ್ಲಿ ಹೈದರಾಬಾದಿನ ಅವಳಿ ನಗರವಾದ ಸಿಕಂದರಾಬಾದಿನಲ್ಲಿ ಒಂದು ಶವಯಾತ್ರೆ ಹೊರಟಿತು. ಅದನ್ನು ಶೋಭಾಯಾತ್ರೆ ಎಂದು ಕರೆದರು. ಆರುನೂರಕ್ಕೂ ಹೆಚ್ಚು ಜನ ಸೇರಿದ್ದರೆಂದು ಪತ್ರಿಕೆಗಳು ಬರೆದವು. ತೀರಿಕೊಂಡಿದ್ದವಳು 13 ವರ್ಷದ ಬಾಲಕಿ, ಎಂಟನೆಯ ತರಗತಿಯ ವಿದ್ಯಾರ್ಥಿನಿ. ಚಾತುರ್ಮಾಸದ ವ್ರತವೆಂದು 68 ದಿನ ಕಾಯಿಸಿದ ನೀರಿನ ಹೊರತು ಬೇರೇನನ್ನೂ ಸೇವಿಸದೆ ಇದ್ದು, ಪಾರಣೆ ಮುಗಿದ ಕೆಲವೇ ದಿನಗಳಲ್ಲಿ ಆಕೆ ಸತ್ತಳು. ನೆರೆದವರು ಅವಳನ್ನು ಬಾಲತಪಸ್ವಿ ಎಂದರು. ಅವಳ ಹೆಸರು ಆಗ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಇಲ್ಲಿ ನಾವು ಅದನ್ನು ಬರೆಯುವುದಿಲ್ಲ.

ಅಂತ್ಯಕ್ರಿಯೆಯಾದ ಕೆಲವು ದಿನಗಳಿಗೆ ಬಾಲಲ ಹಕ್ಕುಲ ಸಂಘಂ ಎಂಬ ಮಕ್ಕಳ ಹಕ್ಕುಗಳ ಸಂಘಟನೆ ಪೊಲೀಸರಿಗೆ ದೂರು ಕೊಟ್ಟಿತು. ತಂದೆತಾಯಿಯರ ಮೇಲೆ ಭಾರತೀಯ ದಂಡಸಂಹಿತೆಯ 304ನೇ ಕಲಮಿನ ಎರಡನೇ ಭಾಗ, ಅಂದರೆ ಕೊಲೆಯಲ್ಲದ ದಂಡನೀಯ ನರಹತ್ಯೆ, ಮತ್ತು ಬಾಲನ್ಯಾಯ ಕಾಯಿದೆಯ 75ನೇ ಕಲಮಿನ ಅಡಿಯಲ್ಲಿ ಪ್ರಕರಣ ದಾಖಲಾಯಿತು. ಮಗಳು ಸ್ವಂತ ಇಚ್ಛೆಯಿಂದ ಉಪವಾಸ ಕೂತಳು, ನಾವು ಬಲವಂತ ಮಾಡಲಿಲ್ಲ ಎಂಬುದು ಮನೆಯವರ ಮಾತು. ವ್ಯಾಪಾರದ ನಷ್ಟ ನೀಗಲೆಂದು ಮಗುವನ್ನು ಕೂರಿಸಲಾಯಿತು ಎಂಬುದು ದೂರಿತ್ತವರ ಆರೋಪ. ಇವುಗಳಲ್ಲಿ ಯಾವುದು ನಿಜವೆಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಮಗಳನ್ನು ಕಳೆದುಕೊಂಡವರೂ ಆ ತಂದೆತಾಯಿಯರೇ ಎಂಬುದನ್ನು ಮರೆಯುವುದೂ ಸಲ್ಲದು. ಕುಟುಂಬದೊಳಗಿನ ಸಾವು ಎದುರಾದಾಗಲೆಲ್ಲ ಇದು ಕೊಲೆಯೊ ಆತ್ಮಹತ್ಯೆಯೊ ಎಂದೇ ಸಮಾಜ ಮೊದಲು ಕೇಳುತ್ತದೆ. ಸಾವಿಗೆ ಮುಂಚೆ ಕಂಡವರು ಯಾರು, ಕಂಡು ಏನು ಮಾಡಿದರು ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಸಿಕಂದರಾಬಾದಿನ ಪ್ರಕರಣದಲ್ಲಿ ಈ ಎರಡನೆಯ ಪ್ರಶ್ನೆಯೇ ದೊಡ್ಡದೆಂದು ನಮಗೆ ತೋರುತ್ತದೆ.

ಏಕೆಂದರೆ ಇಲ್ಲಿ ಬಚ್ಚಿಟ್ಟದ್ದು ಏನೂ ಇರಲಿಲ್ಲ. ಆಕೆ ಈ ಮೊದಲೇ 34 ದಿನಗಳ ಉಪವಾಸ ಮಾಡಿದ್ದಳು; ಅದು ಮುಗಿದಾಗ ಅಭಿನಂದನೆಗಳು ಬಂದಿದ್ದವು. 68 ದಿನಗಳ ವ್ರತದ ಹೊತ್ತಿನಲ್ಲಿ ಜನ ಬಂದು ಅವಳೊಡನೆ ಫೋಟೊ ತೆಗೆಸಿಕೊಂಡರು. ಪಾರಣೆಯ ಸಮಾರಂಭಕ್ಕೆ ಪತ್ರಿಕೆಯಲ್ಲಿ ಜಾಹೀರಾತು ಬಂತು, ಅತಿಥಿಯಾಗಿ ರಾಜ್ಯದ ಸಚಿವರೊಬ್ಬರ ಹೆಸರಿತ್ತು. ಓದುವ ಹುಡುಗಿಯನ್ನು ಶಾಲೆ ತಪ್ಪಿಸಿ ಉಪವಾಸಕ್ಕೆ ಕೂರಲು ಬಿಟ್ಟದ್ದೇಕೆ ಎಂದು ಸಮುದಾಯದೊಳಗಿನವರೇ ಕೆಲವರು ಕೇಳಿದರು, ಆದರೆ ಕೇಳುವ ಹೊತ್ತಿಗೆ ತಡವಾಗಿತ್ತು.

ಚರ್ಚೆ ಬೇಗನೆ ಬೇರೆ ದಾರಿ ಹಿಡಿಯಿತು. ಅದಕ್ಕೊಂದು ಕಾರಣವಿತ್ತು. ಹಿಂದಿನ ವರ್ಷ, 2015ರ ಆಗಸ್ಟ್ 10ರಂದು, ರಾಜಸ್ಥಾನ ಹೈಕೋರ್ಟು ಸಂಥಾರಾ ಅಥವಾ ಸಲ್ಲೇಖನವನ್ನು ಆತ್ಮಹತ್ಯೆಯೆಂದು ಪರಿಗಣಿಸಿ ತೀರ್ಪಿತ್ತಿತ್ತು. ಆಗಸ್ಟ್ 31ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. ಧರ್ಮದ ಮೇಲೆ ದಾಳಿಯಾಗುತ್ತಿದೆ ಎಂಬ ನೋವು ಜೈನರಲ್ಲಿ ಇನ್ನೂ ಆರಿರಲಿಲ್ಲ. ಹಾಗಾಗಿ ಮಗುವೊಂದರ ಹಸಿವಿನ ಪ್ರಶ್ನೆ ಬಂದಾಗಲೂ ಉತ್ತರ ಕೊಟ್ಟವರು ಸಲ್ಲೇಖನದ ಸಮರ್ಥನೆಗೆ ನಿಂತರು, ಟೀಕಿಸಿದವರು ಸಲ್ಲೇಖನದ ಖಂಡನೆಗೆ ನಿಂತರು. ಹುಡುಗಿ ಮಾಡಿದ್ದು ಸಲ್ಲೇಖನವೇ ಅಲ್ಲ. ಅದು ಪಾರಣೆಯಲ್ಲಿ ಮುಗಿಯಬೇಕಿದ್ದ ತಪಸ್ಸು. ಅವಳು ಬದುಕುತ್ತಾಳೆಂದೇ ಎಲ್ಲರೂ ನಂಬಿದ್ದರು.

ಆದರೂ ಸಲ್ಲೇಖನದ ಇತಿಹಾಸದತ್ತ ಒಮ್ಮೆ ನೋಡುವುದು ಅಗತ್ಯವೆನಿಸುತ್ತದೆ. ಪರಂಪರೆಯ ಹೆಸರಿನಲ್ಲಿ ಮಾತಾಡುವಾಗ ಆ ಪರಂಪರೆ ಏನು ಹೇಳಿತ್ತೆಂದು ತಿಳಿದಿರಬೇಕು. ಕನ್ನಡಿಗರಿಗೆ ಇದು ದೂರದ ವಿಷಯವೂ ಅಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಏಳನೆಯ ಶತಮಾನದಿಂದ ಮೊದಲ್ಗೊಂಡು ನೋಂತು ಮುಡಿಪಿದ ಮುನಿಗಳ, ಅಜ್ಜಿಯರ ಹೆಸರುಗಳು ಸಾಲುಗಟ್ಟಿವೆ. ಷ. ಶೆಟ್ಟರ್ ಅವರು ‘ಸಾವಿಗೆ ಆಹ್ವಾನ’, ‘ಸಾವನ್ನು ಅರಸಿ’ ಎಂಬ ಗ್ರಂಥಗಳಲ್ಲಿ ಆ ಶಾಸನಗಳನ್ನು ಮುಂದಿಟ್ಟುಕೊಂಡೇ ಈ ಆಚರಣೆಯ ವಿಕಾಸವನ್ನು ಬಿಡಿಸಿ ತೋರಿಸಿದರು. ರಾಷ್ಟ್ರಕೂಟರ ನಾಲ್ಕನೆಯ ಇಂದ್ರ 982ರಲ್ಲಿ ಪ್ರಾಣ ಬಿಟ್ಟದ್ದು ಬೆಳಗೊಳದಲ್ಲಿ. ಹೊಯ್ಸಳ ರಾಣಿ ಶಾಂತಲೆ ತೀರಿಕೊಂಡ ಬಳಿಕ ಅವಳ ತಾಯಿ ಮಾಚಿಕಬ್ಬೆ ಅದೇ ಬೆಳಗೊಳಕ್ಕೆ ಬಂದು ಒಂದು ತಿಂಗಳ ಉಪವಾಸದಿಂದ ಮುಡಿಪಿದಳು. ಮಗಳನ್ನು ಕಳೆದುಕೊಂಡ ಆ ತಾಯಿಯ ಕೊನೆಯ ದಿನಗಳಲ್ಲಿ ಗುರುಗಳು ಜೊತೆಗಿದ್ದುದನ್ನು ಶಾಸನ ಮರೆಯದೆ ಹೇಳುತ್ತದೆ.

ಗುರುಗಳ ಈ ಇರವು ಶಾಸನ ಬರೆದವನ ಅಲಂಕಾರವಲ್ಲ. ಸಲ್ಲೇಖನವನ್ನು ಯಾರೂ ತಾವಾಗಿ ಎತ್ತಿಕೊಳ್ಳುವಂತಿರಲಿಲ್ಲ. ಬೇಡಬೇಕಿತ್ತು, ಗುರು ಪರೀಕ್ಷಿಸಿ ಒಪ್ಪಬೇಕಿತ್ತು. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ಪರಿಹಾರವೇ ಇಲ್ಲದ ಉಪಸರ್ಗ, ಬರಗಾಲ, ಮುಪ್ಪು, ರೋಗ ಎಂಬ ನಾಲ್ಕು ಸಂದರ್ಭಗಳನ್ನು ಮಾತ್ರ ಹೇಳುತ್ತದೆ. ಇದು ದಿಗಂಬರರ ಗ್ರಂಥ, ಸಿಕಂದರಾಬಾದಿನ ಕುಟುಂಬ ಶ್ವೇತಾಂಬರರದು ಎಂದು ಯಾರಾದರೂ ಆಕ್ಷೇಪಿಸಬಹುದು. ಇಬ್ಬರೂ ಮಾನ್ಯ ಮಾಡುವ ತತ್ತ್ವಾರ್ಥಸೂತ್ರವನ್ನೇ ನೋಡೋಣ. ಸಲ್ಲೇಖನಕ್ಕೆ ಒದಗಬಹುದಾದ ಐದು ಅತಿಚಾರಗಳನ್ನು ಅದು ಎಣಿಸುತ್ತದೆ. ಬೇಗ ಸಾಯಬೇಕೆಂಬ ಆಸೆ ಅವುಗಳಲ್ಲಿ ಒಂದು. ಕೊನೆಯದು ನಿದಾನ, ಅಂದರೆ ವ್ರತಕ್ಕೆ ಪ್ರತಿಫಲವಾಗಿ ಮುಂದೆ ಭೋಗಭಾಗ್ಯ ದೊರೆಯಲೆಂದು ಬಯಸುವುದು. ವ್ಯಾಪಾರ ಕುದುರಲೆಂದು ಉಪವಾಸ ಎಂಬ ಆರೋಪ ನಿಜವಾಗಿದ್ದರೆ, ಕಾನೂನಿನ ಮಾತಿರಲಿ, ಆ ವ್ರತ ಶಾಸ್ತ್ರದ ಎದುರಿಗೂ ನಿಲ್ಲುವುದಿಲ್ಲ.

ಸಮಂತಭದ್ರನ ಬಗೆಗೇ ಜೈನರಲ್ಲಿ ಒಂದು ಕಥೆಯಿದೆ; ಕನ್ನಡದಲ್ಲಿ ದೇವಚಂದ್ರನ ರಾಜಾವಳೀಕಥೆಯವರೆಗೂ ಅದು ಹರಿದು ಬಂದಿದೆ. ಮುನಿಯಾಗಿದ್ದ ಅವನಿಗೆ ಭಸ್ಮಕ ವ್ಯಾಧಿ ಬಂತು. ಎಷ್ಟು ಉಂಡರೂ ಉರಿದುಹೋಗುವ ಹಸಿವು. ಭಿಕ್ಷೆಯ ಮಿತಾಹಾರದ ವ್ರತ ಪಾಲಿಸಲಾರದೆ ಅವನು ಗುರುವಿನ ಬಳಿ ಸಲ್ಲೇಖನಕ್ಕೆ ಅನುಮತಿ ಬೇಡಿದ. ಗುರು ಕೊಡಲಿಲ್ಲ. ನಿನ್ನಿಂದ ಆಗಬೇಕಾದ ಕೆಲಸವಿದೆ, ದೀಕ್ಷೆಯನ್ನಾದರೂ ಬಿಟ್ಟು ರೋಗ ವಾಸಿಮಾಡಿಕೋ ಎಂದ. ಸಮಂತಭದ್ರ ವೇಷ ಕಳಚಿ, ಶಿವಾಲಯವೊಂದರಲ್ಲಿ ನೈವೇದ್ಯವನ್ನು ಉಂಡು ಗುಣಹೊಂದಿ, ಮತ್ತೆ ದೀಕ್ಷೆ ಪಡೆದನೆಂದು ಕಥೆ. ಇದು ಚರಿತ್ರೆಯೆಂದು ನಾವು ಹೇಳುವುದಿಲ್ಲ. ಆದರೆ ವ್ರತಕ್ಕಿಂತ ಜೀವ ದೊಡ್ಡದಾಗುವ ಗಳಿಗೆಯೊಂದಿದೆ, ಅದನ್ನು ಗುರುತಿಸಿ ಬೇಡವೆನ್ನುವುದು ಗುರುವಿನ ಹೊಣೆ ಎಂಬ ತಿಳಿವಳಿಕೆ ಈ ಕಥೆಯನ್ನು ಕಾಪಾಡಿಕೊಂಡು ಬಂದ ಸಮಾಜಕ್ಕೆ ಇತ್ತು. ಬೇಡಿದವನು ತಿಳಿವಳಿಕೆಯುಳ್ಳ ಮುನಿ, ಅವನಿಗೇ ನಿರಾಕರಣೆ. ಹದಿಮೂರರ ಹುಡುಗಿಗೆ ಬೇಡವೆನ್ನುವವರು ಒಬ್ಬರೂ ಒದಗಲಿಲ್ಲ.

ಮಕ್ಕಳ ವೈರಾಗ್ಯದ ಪ್ರಶ್ನೆ ಹೊಸದೂ ಅಲ್ಲ. ಬಾಲದೀಕ್ಷೆಯ ಕುರಿತು ಗುಜರಾತಿನಲ್ಲಿ ಭಾರೀ ವಿವಾದವೆದ್ದು, 1933ರಲ್ಲಿ ಬರೋಡಾ ಸಂಸ್ಥಾನ ಅಪ್ರಾಪ್ತ ವಯಸ್ಕರ ಸಂನ್ಯಾಸ ದೀಕ್ಷೆಯನ್ನು ತಡೆಯುವ ಕಾಯಿದೆ ತಂದಿತು. ತಡೆ ಬೇಕೆಂದವರಲ್ಲಿ ಸುಧಾರಣಾವಾದಿ ಜೈನ ತರುಣರೂ ಇದ್ದರು. ಸ್ವಾತಂತ್ರ್ಯದ ನಂತರ ಇದೇ ಆಶಯದ ಖಾಸಗಿ ಮಸೂದೆ 1955ರಲ್ಲಿ ಲೋಕಸಭೆಗೆ ಬಂದು, ಕಾಯಿದೆಯಾಗದೆ ಹೋಯಿತು.

‘ಅವಳ ಸ್ವಂತ ಇಚ್ಛೆ’ ಎಂಬ ಮಾತಿಗೆ ಕಾನೂನು ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. 1860ರ ದಂಡಸಂಹಿತೆಯ 305ನೇ ಕಲಮು 18 ವರ್ಷದೊಳಗಿನವರ ಆತ್ಮಹತ್ಯೆಗೆ ಕುಮ್ಮಕ್ಕು ಕೊಟ್ಟವರಿಗೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯವರೆಗೆ ವಿಧಿಸಬಹುದೆಂದಿತ್ತು. ವಯಸ್ಕರ ವಿಷಯದಲ್ಲಿ ಗರಿಷ್ಠ ಶಿಕ್ಷೆ ಹತ್ತು ವರ್ಷ. ಮಗುವಿನ ಒಪ್ಪಿಗೆ ಒಪ್ಪಿಗೆಯಲ್ಲ ಎಂಬ ಎಣಿಕೆ ಈ ಅಂತರದ ಹಿಂದಿದೆ. ಬಾಲನ್ಯಾಯ ಕಾಯಿದೆಯ 75ನೇ ಕಲಮು ಇನ್ನೂ ಹತ್ತಿರಕ್ಕೆ ಬರುತ್ತದೆ: ಮಗುವಿನ ಹೊಣೆ ಹೊತ್ತವರು ಅದಕ್ಕೆ ಅನಗತ್ಯವಾದ ದೈಹಿಕ, ಮಾನಸಿಕ ಯಾತನೆಯಾಗುವಂತೆ ನಡೆಸಿಕೊಂಡರೆ ಅಥವಾ ಅಲಕ್ಷಿಸಿದರೆ ಮೂರು ವರ್ಷದವರೆಗೆ ಸೆರೆ. ಅಲಕ್ಷ್ಯವೂ ಕ್ರೌರ್ಯವೇ ಎಂದು ಈ ಕಲಮು ಹೇಳುತ್ತದೆ. ಆದರೆ ಯಾವ ಕಲಮೂ ಮನೆಯ ಬಾಗಿಲು ತಾನಾಗಿ ತಟ್ಟುವುದಿಲ್ಲ, ಯಾರಾದರೂ ಹೇಳಬೇಕು.

ಅದೇ ನಗರದಲ್ಲಿ ಹೇಳಿದವರೂ ಇದ್ದರು. 2015ರ ಜುಲೈಯಲ್ಲಿ ಎಲ್.ಬಿ. ನಗರದ ಮನೆಯೊಂದರಿಂದ 19 ವರ್ಷದ ಯುವತಿಯನ್ನು ಪೊಲೀಸರು, ಮಕ್ಕಳ ಹಕ್ಕುಗಳ ಕಾರ್ಯಕರ್ತರು ಬಿಡಿಸಿ ತಂದರು. ತಂದೆ, ಮಲತಾಯಿ ಆಕೆಗೆ ಹಿಂಸೆ ಕೊಡುತ್ತಿದ್ದರೆಂಬ ದೂರು, ಮೈತುಂಬ ಗಾಯಗಳು. ಹೈಕೋರ್ಟು ತಾನೇ ಮುಂದಾಗಿ ವಿಚಾರಣೆಗೆ ಎತ್ತಿಕೊಂಡಿತು, ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಆಸ್ಪತ್ರೆಗೆ ಹೋಗಿ ಮಗಳಂತೆ ನೋಡಿಕೊಳ್ಳುವೆನೆಂದರು. ಹದಿನೈದು ತಿಂಗಳು ಕಳೆಯುವಷ್ಟರಲ್ಲಿ ಅದೇ ನಗರದಲ್ಲಿ ಇನ್ನೊಂದು ದೇಹ ಎಲ್ಲರೆದುರೇ ಸೊರಗಿತು. ಮುಚ್ಚಿದ ಬಾಗಿಲ ಹಿಂದಿನ ಹಿಂಸೆಯನ್ನು ಗುರುತಿಸಬಲ್ಲ ಊರು, ಹೂವಿನ ಹಾರದಡಿಯ ಹಸಿವನ್ನು ಗುರುತಿಸಲಿಲ್ಲ. 2007ರಲ್ಲಿ ಕೇಂದ್ರ ಸರ್ಕಾರ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಪ್ರಕಟಿಸಿದ ಮಕ್ಕಳ ಮೇಲಿನ ದೌರ್ಜನ್ಯದ ಅಧ್ಯಯನದಲ್ಲಿ ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಕಂಡವರಾಗಿದ್ದರು. ಮನೆಯೊಳಗೆ ಹಿಂಸಿಸಿದವರಲ್ಲಿ ತಂದೆತಾಯಿಯರದೇ ದೊಡ್ಡ ಪಾಲು. ಭಕ್ತಿಯಿಂದ, ಮೆಚ್ಚುಗೆಯಿಂದ ಆಗುವ ಹಾನಿಗೆ ಇಂಥ ಎಣಿಕೆಗಳಲ್ಲಿ ಸ್ಥಳ ಎಲ್ಲಿ?

ದೀರ್ಘ ಉಪವಾಸದಲ್ಲಿ ದೇಹ ತನ್ನ ಸ್ನಾಯುಗಳನ್ನೇ, ಹೃದಯದ ಸ್ನಾಯುವನ್ನೂ ಕರಗಿಸಿಕೊಳ್ಳುತ್ತದೆ; ಮತ್ತೆ ಆಹಾರ ಶುರುವಾಗುವ ಮೊದಲ ದಿನಗಳೇ ಅತಿ ಅಪಾಯದವು. ರಕ್ತದ ಲವಣಾಂಶಗಳು ಏರುಪೇರಾಗಿ ಹೃದಯ ನಿಲ್ಲಬಹುದು. ಎರಡನೆಯ ಮಹಾಯುದ್ಧ ಮುಗಿದಾಗ, ಸೆರೆಶಿಬಿರಗಳಿಂದ ಹೊರಬಂದ ಹಸಿದವರು ಉಂಡ ಮೇಲೆ ಸಾಯುವುದನ್ನು ಕಂಡು ವೈದ್ಯಲೋಕ ಕಲಿತ ಪಾಠವಿದು. ಸಿಕಂದರಾಬಾದಿನ ಬಾಲಕಿಯ ಹೃದಯ ನಿಂತಿತೆಂದು ವರದಿಗಳು ಹೇಳಿದವು. ದೂರು ಪೊಲೀಸ್ ಠಾಣೆ ತಲುಪುವ ಹೊತ್ತಿಗೆ ಶೋಭಾಯಾತ್ರೆ ಮುಗಿದು ದೇಹ ಚಿತೆಯಲ್ಲಿ ಉರಿದುಹೋಗಿತ್ತು. ಮರಣೋತ್ತರ ಪರೀಕ್ಷೆಗೆ ಏನೂ ಉಳಿದಿರಲಿಲ್ಲ.