ಕಣ್ಣು ಕುಕ್ಕುವ ಹಾವಿನ ಹೆಸರಿನ ಗೋಜಲು

ಇವತ್ತು ಹಸಿರು ಹಾವಿನ ಕಥೆ. ಬೆರಳು ದಪ್ಪ, ಮೀಟರಿಗೂ ಮೀರಿದ ಉದ್ದ, ಚೂಪು ಮೂತಿ. ಊರ ಕಡೆ ಇದು ಕಣ್ಣಿಗೇ ಕುಕ್ಕುತ್ತೆ ಅಂತ ಹೆದರಿಸಿಯೇ ನಮ್ಮನ್ನ ಬೆಳೆಸಿದ್ದು. ಚೆನ್ನೈನಲ್ಲಿರೋರು ಅಲ್ಲಿನ ಹೆಸರು ಕೇಳಿರಬಹುದು: ಕಣ್ ಕೊತ್ತಿ ಪಾಂಬು. ಸಿಂಹಳದ 'ಅಹೇಟುಲ್ಲಾ' ಅನ್ನೋದಕ್ಕೂ ಹೆಚ್ಚುಕಡಿಮೆ ಅದೇ ಅರ್ಥ.

ಆ ಸಿಂಹಳ ಪದವನ್ನ ಲಿನೇಯಸ್ 1758ರಲ್ಲಿ ಒಂದು ಹಾವಿಗೆ ಇಟ್ಟ. ಇವತ್ತು ಆ ಪ್ರಭೇದದ ಹೆಸರು ಯಾರ ಪಾಲಾಗಿದೆ ಗೊತ್ತಾ? ದಕ್ಷಿಣ ಅಮೆರಿಕದ ಗಿಳಿ ಹಾವಿನ ಪಾಲು! ನಮ್ಮ ಹಾವಿಗೆ ಸಿಕ್ಕಿದ್ದು ಕುಲದ ಹೆಸರಾಗಿ ಮಾತ್ರ. ಕೋಡಲ್ಲಿ ಇಂಥದ್ದು ಬಂದ್ರೆ ನಾವು ರಿವ್ಯೂನಲ್ಲೇ ವಾಪಸ್ ಕಳಿಸ್ತಿದ್ವಿ.

1789ರಲ್ಲಿ ಫ್ರಾನ್ಸಿನ ಲಾಸೆಪೇಡ್ 'ನಸೂಟ' ಅಂತ ಹೆಸರಿಟ್ಟ. ಉದ್ದ ಮೂಗಿನದ್ದು ಅಂತ ಅರ್ಥ. ನಮ್ಮ ನಾಸಿಕದ ಬಂಧುವೇ. ಆಮೇಲೆ ಬಹಳ ಕಾಲ ಶ್ರೀಲಂಕಾದಿಂದ ಸಹ್ಯಾದ್ರಿವರೆಗೆ ಕಂಡ ಇಂಥ ಹಸಿರು ಹಾವುಗಳೆಲ್ಲ ನಸೂಟ ಅಂತಲೇ ನಡೀತು. 1825ರಲ್ಲಿ ಬೆಲ್ ಕೊಟ್ಟ 'ಆಕ್ಸಿರಿಂಕ' ಅನ್ನೋ ಹೆಸರೂ ಅದರೊಳಗೇ ಸೇರಿಹೋಯ್ತು.

ಗೋಜಲು ಬಿಡಿಸಿದ್ದು 2020ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರಿದ್ದ ತಂಡ. ಡಿಎನ್‌ಎ ಜೊತೆ ದೇಹರಚನೆಯನ್ನೂ ಹೋಲಿಸಿ ನೋಡಿದಾಗ ನಸೂಟ ಶ್ರೀಲಂಕಾಕ್ಕೆ ಸೀಮಿತ ಅಂತಾಯ್ತು. ನಮ್ಮ ಬಯಲುಸೀಮೆಯದ್ದಕ್ಕೆ ಬೆಲ್ ಇಟ್ಟ ಹೆಸರು ವಾಪಸ್ ಬಂತು. ಐದು ಹೊಸ ಪ್ರಭೇದಗಳೂ ಹೊರಬಂದವು. ಉತ್ತರ ಸಹ್ಯಾದ್ರಿಯ 'ಬೋರಿಯಾಲಿಸ್' ಅದರಲ್ಲೊಂದು. ಪುಣೆ ಗೆಳೆಯರೇ, ಟ್ರೆಕ್‌ನಲ್ಲಿ ಕಣ್ಣಿಟ್ಟಿರಿ.

ಬರೀ ಹೆಸರಿನ ಜಗಳ ಅನ್ನಬೇಡಿ. ಒಂದೇ ಪ್ರಭೇದ ಅಂದುಕೊಂಡರೆ 'ಇಲ್ಲಿ ಕಾಡು ಹೋದ್ರೂ ಬೇರೆ ಕಡೆ ಇದೆಯಲ್ಲ' ಅನ್ನಬಹುದು. ಒಂದು ಬೆಟ್ಟಸಾಲಿಗಷ್ಟೇ ಸೇರಿದ ಹಾವಿಗೆ ಆ ಬೇರೆ ಕಡೆ ಅನ್ನೋದೇ ಇಲ್ಲ.

ಇನ್ನು ಆ ಕಣ್ಣಿನ ಆರೋಪ. ಕಣ್ಣು ವಿಶೇಷವಾಗಿರೋದು ಹಾವಿನದ್ದೇ! ಪಾಪೆ ಅಡ್ಡಡ್ಡ, ಬೀಗದ ತೂತಿನ ಆಕಾರ. ಮೂತಿಯ ಎರಡೂ ಬದಿ ಕಣ್ಣಿನ ಮುಂದೆ ಕಾಲುವೆಯಂಥ ಗೆರೆ. ಹಾಗಾಗಿ ಎರಡೂ ಕಣ್ಣಿಂದ ನೇರ ಮುಂದೆ ನೋಡಿ, ಎಲೆ ಮೇಲಿನ ಓತಿ ಎಷ್ಟು ದೂರದಲ್ಲಿದೆ ಅಂತ ಅಳೆಯುತ್ತೆ. ಗಾಳಿಗೆ ಬಳ್ಳಿ ತೂಗಿದಂತೆ ತೂಗ್ತಾ ಹತ್ತಿರ ಬರುತ್ತೆ. ಇರೋದು ಪೊದೆಯಲ್ಲಿ, ನಮ್ಮ ಮುಖದ ಎತ್ತರದಲ್ಲಿ. ಕಣ್ಣು ಕುಕ್ಕುವ ಮಾತು ಹುಟ್ಟಿದ್ದು ಅಲ್ಲಿಂದಲೇ ಅಂತ ನನ್ನ ಊಹೆ. ವಿಷದ ಹಲ್ಲು ಬಾಯಿಯ ಹಿಂಭಾಗದಲ್ಲಿದೆ, ವಿಷ ಸೌಮ್ಯ. ಕಚ್ಚಿದರೆ ಸಾಮಾನ್ಯವಾಗಿ ನೋವು, ಊತ. ಹಾಗಂತ ಕೈಯಲ್ಲಿ ಹಿಡಿದು ಸೆಲ್ಫಿ ತೆಗೀಬೇಡಿ.

ಇದು ಮೊಟ್ಟೆ ಇಡೋದಿಲ್ಲ, ಮರಿ ಹಾಕುತ್ತೆ. ಕೋಲು ತಗೊಂಡ ವಾಚ್‌ಮನ್ ಕೆಳಗೆ ಬೀಳಿಸೋದು ಕೆಲವೊಮ್ಮೆ ಬಸುರಿ ಹಾವನ್ನೇ.